‘ಹೂಂ’ ಅಂದದ್ದನ್ನೆಲ್ಲ ಬರೆದುಕೊಂಡು ಹೋದರು

‘ಆರಾಮ ಅದೀಯೇನೊ?’ ಅಂತ ಕೇಳಿದೆ. ‘ಹೂಂ’ ಅಂದ. ‘ತ್ರಾಸ ಐತೇನು?’ ಅದಕ್ಕೂ ‘ಹೂಂ’. ‘ಮನ್ಯಾಗ ಛಲೋ ನೋಡ್ಕೊಂತಾರ?’ ‘ಹೂಂ’. ‘ಬೈತಾರ?’ ‘ಹೂಂ’.

ರಾಯಚೂರು ಜಿಲ್ಲೆಯ ಕವಿತಾಳದ ಆಸುಪಾಸಿನ ಹಳ್ಳಿಯೊಂದರ ಕಟ್ಟೆ ಮೇಲೆ ಕೂತು ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಇದನ್ನೆಲ್ಲ ಬರೆದುಕೊಂಡರು. ಅವರ ಹಾಳೆಯಲ್ಲಿ ಇದ್ದದ್ದು ‘ನಿಮ್ಮ ಜೀವನದ ಗುಣಮಟ್ಟ ನಿಮಗೆ ತೃಪ್ತಿ ತಂದಿದೆಯೇ?’ ಎಂಬ ಪ್ರಶ್ನೆ. ಅದನ್ನು ‘ಆರಾಮ ಅದೀಯೇನೊ’ ಮಾಡಿದವನು ನಾನೇ. ಪೋಲಿಯೊ ಕಾಲು, ಮೂರು ಗಾಲಿಯ ಸ್ಕೂಟರು, ಪುನರ್ವಸತಿ ಕಾರ್ಯಕರ್ತ ಅನ್ನೋ ಗುರುತಿನ ಚೀಟಿ. ಬುದ್ಧಿ ನಿಧಾನ ಇರುವವರ ಮನೆ ಹುಡುಕಿಕೊಂಡು ಯಾರೇ ಬಂದರೂ ಮೊದಲು ನನಗೇ ಫೋನ್ ಬರುತ್ತದೆ.

ಬರುವವರು ‘ಕಲಿಕಾ ನ್ಯೂನತೆ’ ಅನ್ನುತ್ತಾರೆ. ಆ ಮಾತಿನಲ್ಲೇ ತೊಡಕು ಶುರು. ಇಂಗ್ಲೆಂಡಿನವರ ಪುಸ್ತಕದಲ್ಲಿ ಅದರ ಅರ್ಥ ಬುದ್ಧಿಯ ಬೆಳವಣಿಗೆ ಕಡಿಮೆ ಇರುವವರು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಬೌದ್ಧಿಕ ವೈಕಲ್ಯ ಬೇರೆ, ಓದು ಬರಹ ಲೆಕ್ಕದಲ್ಲಿ ತಡವರಿಸುವ ಕಲಿಕಾ ನ್ಯೂನತೆ ಬೇರೆ. ಎರಡನೆಯದನ್ನು ನಮ್ಮ ಕಡೆ ಯಾರೂ ಗುರುತು ಹಿಡಿದಿಲ್ಲ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 60ನ್ನೂ ಮುಟ್ಟಿರಲಿಲ್ಲ. ಓದು ಬಾರದಿರುವುದು ಇಲ್ಲಿ ಕಾಯಿಲೆ ಹೇಗಾದೀತು?

ಕಟ್ಟೆ ಮೇಲಿನ ಹುಡುಗ ಮೊದಲನೇ ಬಗೆಯವನು. ಊರಿನ ಲೆಕ್ಕದಲ್ಲಿ ಅವನಿನ್ನೂ ಹುಡುಗ, ವಯಸ್ಸು ಮೂವತ್ತು ದಾಟಿದೆ. ದೊಡ್ಡವರು ಕೇಳಿದಾಗ ‘ಹೂಂ’ ಅಂದರೆ ಕೇಳುವವರು ಬೇಗ ಎದ್ದು ಹೋಗುತ್ತಾರೆ, ಇಲ್ಲ ಅಂದರೆ ಮತ್ತೆ ನಾಲ್ಕು ಪ್ರಶ್ನೆ. ಇಷ್ಟನ್ನು ಅವನು ಚೆನ್ನಾಗಿ ಕಲಿತಿದ್ದಾನೆ. 1981ರಲ್ಲೇ ಅಮೆರಿಕದ ಕ್ಯಾರಲ್ ಸಿಗೆಲ್ಮನ್ ಮತ್ತು ಸಂಗಡಿಗರು ಇಂಥವರಿಗೆ ಒಂದಕ್ಕೊಂದು ಉಲ್ಟಾ ಇರುವ ಪ್ರಶ್ನೆ ಕೇಳಿ, ಎರಡಕ್ಕೂ ಹೌದು ಅನ್ನುವವರು ಬಹಳ ಎಂದು ತೋರಿಸಿದ್ದರು. ಅದನ್ನು ನಾನು ಓದಿದ್ದು ಆಮೇಲೆ.

ಅವತ್ತು ಹುಡುಗನ ‘ಹೂಂ’ ಸಾಲದಾದಾಗ ತಾಯಿಯನ್ನು ಕೇಳಿದರು. ‘ಅವಂಗೇನೂ ಬರಂಗಿಲ್ರೀ, ಎಲ್ಲಾ ನಾನೇ ಮಾಡ್ಬೇಕು’ ಅಂದಳು. ಆಕೆಯದು ಸುಳ್ಳಲ್ಲ, ಹೆದರಿಕೆ. ಚೀಲ ಹೆಗಲಿಗೆ ಹಾಕಿಕೊಂಡು ಹಾಳೆ ಹಿಡಿದು ಬಂದವರೆಲ್ಲ ಆಕೆಗೆ ಮಾಸಾಶನ ನಿಲ್ಲಿಸಲು ಬಂದವರೇ. ಮಗ ಏನಾದರೂ ಮಾಡುತ್ತಾನೆ ಅಂದರೆ ಪ್ರಮಾಣಪತ್ರದ ಶೇಕಡಾ ಇಳಿದೀತು, 40ಕ್ಕಿಂತ ಕೆಳಗೆ ಬಂದರೆ ಮುಗಿಯಿತು. ಅದೇ ಹೊತ್ತಿಗೆ ಹಿತ್ತಲಲ್ಲಿ ಅವನು ಕಟ್ಟಿದ ಹದಿನೇಳು ಆಡು ಇದ್ದವು. ಎಣಿಕೆ ಬಾರದ ಅವನು ಒಂದು ಕಮ್ಮಿಯಾದರೂ ಕಿವಿಯ ಗುರುತಿನಿಂದ ಯಾವುದೆಂದು ಹೇಳಬಲ್ಲ.

ಗುಂಪು ಚರ್ಚೆ ಮಾಡೋಣ ಸರ್, ಅನ್ನುತ್ತಾರೆ ಇನ್ನು ಕೆಲವರು. ನಮ್ಮ ವಿಕಲಚೇತನರ ಸಂಘದ ಸಭೆಗೆ ಬಂದು ನೋಡಲಿ. ಕಾಲಿಲ್ಲದ ನಾವು, ಕಣ್ಣಿಲ್ಲದವರು, ಬಾಯಿ ಜೋರು. ಬುದ್ಧಿ ನಿಧಾನ ಇರುವವರು ಗೋಡೆಗೆ ಒರಗಿ ಚಹಾ ಬರುವುದನ್ನೇ ಕಾಯುತ್ತಿರುತ್ತಾರೆ. ಅವರ ಪರವಾಗಿ ಎಷ್ಟೋ ಸಲ ನಾನೇ ಮಾತಾಡಿ ಮುಗಿಸಿದ್ದೇನೆ.

ಆಮೇಲೊಮ್ಮೆ ಸಂಶೋಧನೆಗೆ ಅಂತ ಒಬ್ಬ ಹುಡುಗಿ ಬಂದಿದ್ದಳು. ಹಾಳೆ ತರಲಿಲ್ಲ. ಮೂರು ವಾರ ಆ ಕಟ್ಟೆ ಹುಡುಗನ ಆಡಿನ ಹಿಂದೆ ಎರೆ ಹೊಲದಲ್ಲಿ ನಡೆದಳು. ಆಮೇಲೆ ಒಂದು ಹಳೇ ಫೋನು ಅವನ ಕೈಗೆ ಕೊಟ್ಟು, ಬೇಕಾದ್ದರ ಚಿತ್ರ ತೆಗಿ ಅಂದಳು. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರಿಗೆ ಕ್ಯಾಮೆರಾ ಕೊಟ್ಟು ತೋರಿಸಿದ ದಾರಿ ಇದು. ನಮ್ಮವನು ಒಂದೇ ಟ್ರ್ಯಾಕ್ಟರಿನ ಹನ್ನೊಂದು ಚಿತ್ರ ತೆಗೆದ. ಕೆದಕಿ ಕೆದಕಿ ಕೇಳಿದ್ದಕ್ಕಲ್ಲ, ಚಿತ್ರ ಮುಂದಿಟ್ಟಾಗ ಅವನೇ ಹೇಳಿದ: ಹತ್ತಿ ಅಂಡಿಗಿ ಏರಿಸಿದ್ದು ತಾನು. ಕೂಲಿ? ಒಗ್ಗರಣಿ, ಮಿರ್ಚಿ. ಸುಗ್ಗಿಯಿಡೀ ಪ್ಲೇಟು ಒಗ್ಗರಣಿಗೆ ದುಡಿದಿದ್ದಾನೆ. ಹತ್ತು ವರ್ಷ ಆ ಮನೆಗೆ ಹೋಗಿ ಬಂದ ನನಗೆ ಇದು ಗೊತ್ತಿರಲಿಲ್ಲ.

ಆಕೆ ಮೊದಲ ವಾರ ಮಾಡಿದ್ದು ಒಂದೇ ಕೆಲಸ, ಅವನು ‘ಒಲ್ಲೆ’ ಅನ್ನುವುದು ಹೇಗೆ ಅಂತ ನೋಡಿದ್ದು. ಬಾಯಿಂದ ಅವನು ಹಾಗನ್ನುವುದಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಆಡಿನ ಹತ್ತಿರ ಹೋಗುತ್ತಾನೆ. ಎದ್ದ ದಿನ ಆಕೆ ಕೆಲಸ ನಿಲ್ಲಿಸುತ್ತಿದ್ದಳು. ಸಂಶೋಧನೆಯ ವಿಧಾನ ಯಾವುದು ಅಂತ ಕೇಳುವವರಿಗೆ ನನ್ನ ಮಾತು ಇಷ್ಟೇ: ಎದುರಿಗಿದ್ದವ ಬೇಡ ಅನ್ನುವುದು ನಿಮಗೆ ತಿಳಿಯುವ ಮೊದಲು ಯಾವ ವಿಧಾನವನ್ನೂ ಗೊತ್ತು ಮಾಡಬೇಡಿ. ವಿಶ್ವವಿದ್ಯಾಲಯಗಳು ಮಾತ್ರ ವಿಧಾನದ ಅಧ್ಯಾಯ ಬರೆಸಿಯೇ ಮಕ್ಕಳನ್ನು ಊರಿಗೆ ಕಳಿಸುತ್ತವೆ.

ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿಸಿಕೊಂಡೆವಲ್ಲ ಅನ್ನುವವರು ಅದೇ 2016ರ ಕಾಯ್ದೆಯ 6ನೇ ಕಲಂ ಓದಲಿ. ವಿಕಲಚೇತನರ ಮೇಲೆ ಸಂಶೋಧನೆ ನಡೆಸಲು ಅವರಿಗೆ ತಿಳಿಯುವ ರೀತಿಯಲ್ಲಿ ಹೇಳಿ ಪಡೆದ ಒಪ್ಪಿಗೆ ಬೇಕು. ಜೊತೆಗೆ ಒಂದು ಸಮಿತಿಯ ಅನುಮತಿಯೂ ಬೇಕು, ಅದರಲ್ಲಿ ಕನಿಷ್ಠ ಅರ್ಧ ಜನ ವಿಕಲಚೇತನರು ಅಥವಾ ಅವರ ನೋಂದಾಯಿತ ಸಂಘದವರು ಇರಬೇಕು. ಇಷ್ಟು ವರ್ಷದಲ್ಲಿ ಅಂಥ ಅನುಮತಿಪತ್ರ ಹಿಡಿದು ಬಂದ ಒಬ್ಬರನ್ನೂ ನಾನು ನೋಡಿಲ್ಲ.

ಹೆಸರು ಬಿಟ್ಟರೆ ಗುಟ್ಟು ಉಳಿಯಿತು ಅನ್ನುವುದೂ ದೊಡ್ಡ ಊರಿನವರ ನಂಬಿಕೆ. ನಮ್ಮಲ್ಲಿ ‘ಆಡು ಕಾಯುವ ಅಂಥ ಹುಡುಗ’ ಅಂದರೆ ಸಾಕು, ಮನೆ ಬಾಗಿಲು ತೋರಿಸುತ್ತಾರೆ, ಟ್ರ್ಯಾಕ್ಟರಿನವನ ಮನೆಯನ್ನೂ. ಅದಕ್ಕೇ ಇಲ್ಲಿ ಕಸುಬು, ಲೆಕ್ಕ ಎಲ್ಲ ಒಂದಿಷ್ಟು ಬದಲಿಸಿದ್ದೇನೆ. ಆಡು ಕಾಯುವ ಯಾವ ಪಾಪದವನನ್ನೂ ಅನುಮಾನಿಸಬೇಡಿ.

ಹೋದ ತಿಂಗಳು ಮತ್ತೆ ಫೋನ್ ಬಂತು. ಇಪ್ಪತ್ತು ಮಂದಿಯನ್ನು ಒಂದೇ ಬೆಳಿಗ್ಗೆ ಪಂಚಾಯಿತಿಗೆ ಕರೆಸಬೇಕಂತೆ. ಆಗುವುದಿಲ್ಲ ಅಂದೆ. ಒಬ್ಬನಾದರೂ ಸಿಗಲಿ ಸರ್, ಎಷ್ಟು ಹೊತ್ತು ಬೇಕಾದೀತು, ಅಂದರು. ನಮ್ಮ ಹುಡುಗನನ್ನು ಕೇಳಿ ಹೇಳುತ್ತೇನೆ ಅಂದೆ. ಸಂಜೆ ಹೋಗಿ, ಬರುವವರು ಯಾರು, ಯಾಕೆ, ಎಷ್ಟು ದಿನ ಅಂತ ಬಿಡಿಸಿ ಹೇಳಿದೆ. ‘ಹೂಂ’ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ.