ಜೆಮ್‌ನ ಕೋಪ
ಹಾರ್ಪರ್ ಲೀ ಅವರು 1960ರಲ್ಲಿ ಪ್ರಕಟಿಸಿದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯನ್ನು ಓದಿದವರು ಬಹುಮಟ್ಟಿಗೆ ವಕೀಲ ಆಟಿಕಸನ ಧೀರೋದಾತ್ತ ಗುಣವನ್ನೇ ಕೊಂಡಾಡುವರು. ನನಗಾದರೋ, ಅವನ ಮಗ ಜೆಮ್‌ನ ಚಿತ್ತಕ್ಷೋಭೆಯೇ ಆ ಕೃತಿಯ ಮರ್ಮವೆಂದು ತೋರುತ್ತದೆ. 1930ರ ದಶಕದ ಅಲಬಾಮದ ಸಣ್ಣ ಊರೊಂದರಲ್ಲಿ, ಎಡಗೈ ಊನವಾಗಿದ್ದ ಟಾಮ್ ರಾಬಿನ್‌ಸನ್ ಎಂಬ ಕಪ್ಪುವರ್ಣೀಯ ಕೂಲಿಗಾರನ ಮೇಲೆ ಹೊರಿಸಿದ ಅತ್ಯಾಚಾರದ ಆರೋಪವು ಮಿಥ್ಯೆಯೆಂಬುದನ್ನು ನ್ಯಾಯಾಲಯದ ಮೇಲಂತಸ್ತಿನಲ್ಲಿ ಕಪ್ಪುಜನರ ನಡುವೆಯೇ ಕುಳಿತು ಕಿವಿಯಾರೆ ಕೇಳಿ, ತಂದೆ ಗೆದ್ದೇ ಗೆಲ್ಲುವನೆಂದು ದೃಢವಾಗಿ ನಂಬಿದ್ದ ಆ ಬಾಲಕನು, ಬಿಳಿಯರಿಂದಲೇ ತುಂಬಿದ್ದ ಜ್ಯೂರಿಯು ನಿರಪರಾಧಿಯನ್ನು ದೋಷಿಯೆಂದು ಸಾರಿದಾಗ ಕಣ್ಣೀರ್ಗರೆಯುತ್ತಾನೆ. ಅಳುವುದು ಸಹಜವೇ, ಆ ವಯಸ್ಸಿನಲ್ಲಿ ಅಳದವನ ಬಗೆಗೇ ನಾವು ಚಿಂತಿಸಬೇಕು. ಅನಂತರದ ಪರಿಣಾಮವು ಇದಕ್ಕಿಂತ ಸೂಕ್ಷ್ಮವಾದುದು. ತಂಗಿ ಸ್ಕೌಟ್ ಕ್ಷುದ್ರ ಕೀಟವೊಂದನ್ನು ಹೊಸಕಹೋದರೆ, ಯಾರಿಗೂ ಅಪಕಾರ ಮಾಡದ ಜೀವವೆಂದು ಅದನ್ನು ಉಳಿಸುವ ಅದೇ ಜೆಮ್, ಹಿಟ್ಲರನ ಯೆಹೂದ್ಯದ್ವೇಷವನ್ನು ತರಗತಿಯಲ್ಲಿ ಖಂಡಿಸುವ ಉಪಾಧ್ಯಾಯಿನಿಯೇ ವಿಚಾರಣೆಯ ದಿನ ನ್ಯಾಯಾಲಯದ ಮೆಟ್ಟಿಲಿಳಿಯುತ್ತ ತನ್ನೂರಿನ ಕಪ್ಪುಜನರನ್ನು ಹೀಗಳೆದುದೇಕೆಂದು ಸ್ಕೌಟ್ ಮುಗ್ಧವಾಗಿ ಕೇಳಿದೊಡನೆ, ಆ ನ್ಯಾಯಾಲಯದ ಮಾತನ್ನೇ ಎತ್ತಕೂಡದೆಂದು ಅವಳನ್ನು ಹಿಡಿದು ಅಲುಗಿಸಿ ಗದರುತ್ತಾನೆ. ಕರುಣೆಯೂ ಕ್ರೋಧವೂ ಒಂದೇ ಗಾಯದಿಂದ ಒಸರುತ್ತಿವೆಯೆಂಬುದನ್ನು ಲೇಖಕಿ ಎಲ್ಲಿಯೂ ವ್ಯಾಖ್ಯಾನಿಸುವುದಿಲ್ಲ. ಈ ಎರಡು ಸಣ್ಣ ಪ್ರಸಂಗಗಳಿಲ್ಲದೆ ವಿಚಾರಣೆಯ ದೃಶ್ಯವೊಂದೇ ಇದ್ದಿದ್ದರೆ, ಅದು ಒಳ್ಳೆಯ ಕಥೆಯೆನಿಸುತ್ತಿತ್ತು, ಇಷ್ಟು ದೊಡ್ಡ ಕಾದಂಬರಿಯಾಗುತ್ತಿರಲಿಲ್ಲ.