ಇಂಪಾದುದೆಲ್ಲ ನಿರ್ದೋಷವೇ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಮುದ್ರಿತವಾದ ಸ್ವಿಂಗ್ ಗೀತಗಳು ಇಂದಿಗೂ ರಸಿಕರ ಕಿವಿಗೆ ಬೀಳುತ್ತಿವೆ. ಅವುಗಳ ಲಯವು ಚುರುಕಾದುದು, ವಾದ್ಯಗಳ ನಾದವು ಮೋಹಕವಾದುದು. ಕೇಳಿದವನ ಕಾಲು ತಾನಾಗಿಯೇ ತಾಳ ಹಾಕತೊಡಗುವುದು. ಇಂತಹ ಸೊಗಸನ್ನು ಹೊಸದಾಗಿ ಕಂಡುಕೊಂಡ ರಸಿಕನು, “ನಾದಕ್ಕೆ ಪಾಪಪುಣ್ಯಗಳುಂಟೆ? ಹಾಡಿಸಿದವರು ಯಾರೆಂಬ ವಿಚಾರವೇತಕ್ಕೆ?” ಎಂದು ಕೇಳುತ್ತಾನೆ. ಈ ಪೂರ್ವಪಕ್ಷವು ಮೇಲ್ನೋಟಕ್ಕೆ ಉದಾರವಾಗಿ ತೋರಿದರೂ ವಿಚಾರದ ಮುಂದೆ ನಿಲ್ಲತಕ್ಕುದಲ್ಲ.

ಆ ಗೀತಗಳಲ್ಲಿ ಹೆಸರಾದವು ‘ಚಾರ್ಲಿ ಮತ್ತು ಅವನ ವಾದ್ಯವೃಂದ’ದವು. 1940ರಲ್ಲಿ ಗೊಬೆಲ್ಸನ ಪ್ರಚಾರ ಮಂತ್ರಾಲಯದ ಆಶ್ರಯದಲ್ಲಿ ಹುಟ್ಟಿದ ಈ ಮೇಳಕ್ಕೆ ಲುಟ್ಸ್ ಟೆಂಪ್ಲಿನ್ ನಾಯಕ, ಕಾರ್ಲ್ ಷ್ವೇಡ್ಲರ್ ಗಾಯಕ. ಇಂಗ್ಲಿಷಿನ ಜನಪ್ರಿಯ ಹಾಡುಗಳನ್ನೇ ಆರಿಸಿಕೊಂಡು ರೇಡಿಯೋ ಮೂಲಕ ಬ್ರಿಟನ್ನಿನ ಶ್ರೋತೃಗಳಿಗೆ ಕೇಳಿಸುತ್ತಿದ್ದರು. ಮೊದಲು ಮೂಲದ ಮಾತುಗಳನ್ನು ಹಾಡಿ ಕೇಳುವವನನ್ನು ಒಲಿಸಿಕೊಂಡು, ಅನಂತರ ಅದೇ ಮಟ್ಟಿಗೆ ಚರ್ಚಿಲ್ ರೂಸ್‌ವೆಲ್ಟರ ನಿಂದೆಯನ್ನೂ ಯೆಹೂದ್ಯರ ದ್ವೇಷವನ್ನೂ ಹೊಂದಿಸುತ್ತಿದ್ದರು. ಮಾರೀಚನೂ ಕಣ್ಣಿಗೆ ಸೊಗಸಾದ ಜಿಂಕೆಯಾಗಿಯೇ ಬಂದನಲ್ಲವೆ?

ಆದರೆ ಇದೇ ಸರಕಾರವು 1935ರಲ್ಲಿ ಜಾಜ್ ಸಂಗೀತವನ್ನು ಜರ್ಮನಿಯ ರೇಡಿಯೋದಿಂದ ಬಹಿಷ್ಕರಿಸಿತ್ತು. ಕರಿಯರೂ ಯೆಹೂದ್ಯರೂ ಬೆಳೆಸಿದ ಸಂಗೀತವೆಂಬುದೇ ಅದರ ಅಪರಾಧ. 1938ರಲ್ಲಿ ಡ್ಯೂಸೆಲ್‌ಡಾರ್ಫ್ ನಗರದಲ್ಲಿ ‘ಪತಿತ ಸಂಗೀತ’ವೆಂಬ ಪ್ರದರ್ಶನವನ್ನೇರ್ಪಡಿಸಿ ಅದನ್ನು ಹೀಯಾಳಿಸಿದ್ದೂ ಆಯಿತು. ಹ್ಯಾಂಬರ್ಗಿನ ತರುಣರು ಸ್ವಿಂಗ್ ಸಂಗೀತಕ್ಕೆ ಕುಣಿದುದಕ್ಕಾಗಿ ಸೆರೆ ಸೇರಿದರು. ಅವರ ಮುಂದಾಳುಗಳನ್ನು ಯಾತನಾಶಿಬಿರಗಳಿಗೆ ಕಳುಹಿಸಬೇಕೆಂದು ಹಿಮ್ಲರನು 1942ರ ಜನವರಿಯಲ್ಲಿ ಬರೆದನು. ಪರರ ಕಿವಿಗೆ ಬಲೆಯಾಗಿ ಬೀಸಿದ ನಾದವೇ ಮನೆಯ ಮಕ್ಕಳ ಪಾಲಿಗೆ ದಂಡಾರ್ಹವಾಯಿತು!

ಟೆರೇಜಿನ್ ಶಿಬಿರದ ಯೆಹೂದ್ಯ ಬಂದಿಗಳಲ್ಲಿಯೂ ‘ಘೆಟ್ಟೋ ಸ್ವಿಂಗರ್ಸ್’ ಎಂಬ ಮೇಳವೊಂದಿತ್ತು. 1944ರಲ್ಲಿ, ಅಲ್ಲಿ ಎಲ್ಲವೂ ಸುಖವಾಗಿದೆಯೆಂದು ಲೋಕವನ್ನು ನಂಬಿಸಲು ತೆಗೆದ ಚಿತ್ರದಲ್ಲಿ ಅವರಿಂದ ನುಡಿಸಿದರು. ಚಿತ್ರೀಕರಣ ಮುಗಿದ ಮೇಲೆ ಅವರಲ್ಲಿ ಹೆಚ್ಚಿನವರನ್ನು ಆಷ್‌ವಿಟ್ಸ್‌ಗೆ ಸಾಗಿಸಿದರು.

ಹಾಗಾದರೆ ಈ ಸಂಗೀತವನ್ನೇ ತ್ಯಜಿಸಬೇಕೆ? ಎಷ್ಟು ಮಾತ್ರಕ್ಕೂ ಇಲ್ಲ. ನಾದಕ್ಕೆ ಹುಟ್ಟಿನ ದೋಷವನ್ನು ಹೊರಿಸಿದವರು ನಾಜಿಗಳು. ವಿವೇಕಿಗಳು ಅವರ ಮಾರ್ಗವನ್ನು ಹಿಡಿಯಲಾಗದು. ದೋಷವು ಮಟ್ಟಿನದಲ್ಲ, ಅದರ ಮರೆಯಲ್ಲಿ ವಿಷವನ್ನಿಟ್ಟವರದು. ಆದರೆ “ವಿಚಾರವೇತಕ್ಕೆ?” ಎಂದು ತಲೆದೂಗುವ ರಸಿಕನನ್ನು ನಂಬಿಯೇ ಗೊಬೆಲ್ಸನ ಜನರು ಆ ಹಾಡುಗಳನ್ನು ಕಟ್ಟಿದರೆಂಬುದನ್ನು ಮರೆಯಬಾರದು. ಇಂಪು ಸತ್ಯಕ್ಕೆ ಸಾಕ್ಷಿಯಲ್ಲ.

ಘೆಟ್ಟೋ ಸ್ವಿಂಗರ್ಸ್ ಮೇಳದ ಕೊಕೊ ಷೂಮಾನ್ ಆಷ್‌ವಿಟ್ಸ್‌ನಿಂದ ಬದುಕಿ ಬಂದು, ಮತ್ತೆ ಗಿಟಾರನ್ನು ಕೈಗೆತ್ತಿಕೊಂಡು, 2018ರಲ್ಲಿ ತೀರಿಕೊಂಡರು. ಚಾರ್ಲಿಯ ಹಾಡಿಗೆ ಕಿವಿಗೊಟ್ಟವನು ಅವರ ವಾದನವನ್ನೂ ಕೇಳಲಿ. ಒಂದೇ ಲಯದಲ್ಲಿ ಸೇವಕವೃತ್ತಿ ಯಾವುದು, ಸ್ವಾತಂತ್ರ್ಯ ಯಾವುದೆಂಬುದು ಆಗ ತಿಳಿದೀತು.