ತಿಳಿನೀರಿನ ತಳದ ಕೆಸರು

ಜಗಳೂರು ತಾಲ್ಲೂಕಿನಂತಹ ಬಯಲುಸೀಮೆಯಲ್ಲಿ ನೀರಿನ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹೊಸ ಮಳೆಗೆ ಕದಡಿದ ಕೆರೆಯ ನೀರನ್ನು ಕೊಡದಲ್ಲಿ ತುಂಬಿ, ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳುವ ಕ್ರಮ ಬಿಳಿಚೋಡು ಕಡೆಯ ಹಿರಿಯರಿಗೆ ಗೊತ್ತಿರುವಂಥದೇ. ಚಿಲ್ಲದ ಬೀಜವನ್ನು ತೇಯ್ದು ಹಾಕಿದರೆ ಕೆಸರು ಬೇಗನೆ ತಳಕ್ಕಿಳಿಯುತ್ತದೆಂಬುದು ಹಳೆಯ ತಿಳಿವಳಿಕೆ. ಸಂಸ್ಕೃತದಲ್ಲಿ ಇದಕ್ಕೆ ಕತಕವೆಂದು ಹೆಸರು. ಕನ್ನಡ ನಾಡಿನ ಜೈನ ಪರಂಪರೆ ತನ್ನವರೆಂದು ಗೌರವಿಸುವ ಪೂಜ್ಯಪಾದಾಚಾರ್ಯರು, ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ ವ್ಯಾಖ್ಯಾನದಲ್ಲಿ ಈ ಕತಕವನ್ನೇ ದೃಷ್ಟಾಂತವಾಗಿ ತೆಗೆದುಕೊಂಡು ಒಂದು ಸೂಕ್ಷ್ಮವಾದ ಭೇದವನ್ನು ತೋರಿಸುತ್ತಾರೆ.

ಕತಕ ಬೆರೆತ ನೀರಿನಲ್ಲಿ ಕೆಸರು ತಳ ಸೇರಿ ನೀರು ತಿಳಿಯಾಗುತ್ತದೆ. ಇದು ಉಪಶಮ. ಆ ತಿಳಿನೀರನ್ನು ಶುಚಿಯಾದ ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಂಡರೆ ಅಲ್ಲಿ ಕೆಸರೇ ಇರುವುದಿಲ್ಲ. ಇದು ಕ್ಷಯ. ಮೇಲಿನಿಂದ ನೋಡುವ ಕಣ್ಣಿಗೆ ಎರಡೂ ಪಾತ್ರೆಗಳ ನೀರು ಒಂದೇ ತೆರನಾಗಿ ಕಾಣುತ್ತದೆ. ಆದರೆ ಮೊದಲನೆಯ ಪಾತ್ರೆಗೆ ಕೈ ತಗುಲಿದರೆ ನೀರು ಮತ್ತೆ ಕದಡುತ್ತದೆ.

ಖಿನ್ನತೆಯಿಂದ ಬಳಲಿ ಚೇತರಿಸಿಕೊಂಡವರ ಸ್ಥಿತಿಯನ್ನು ವೈದ್ಯರು ‘ಉಪಶಮನ’ ಎಂಬ ಮಾತಿನಿಂದಲೇ ಸೂಚಿಸುತ್ತಾರೆ. ರೋಗ ಬೇರೆ, ಮೋಹನೀಯ ಕರ್ಮ ಬೇರೆ. ಒಂದನ್ನು ಇನ್ನೊಂದೆಂದು ಭ್ರಮಿಸಬೇಕಾಗಿಲ್ಲ. ಹೋಲಿಕೆಯಾಗಿ ಮಾತ್ರ ಈ ದೃಷ್ಟಾಂತ ನಮಗೆ ಬಹಳ ನೆರವಾಗುತ್ತದೆ. ಏಕೆಂದರೆ ನಮ್ಮ ಕುಟುಂಬಗಳು ತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳದಿದ್ದ ಮಗಳು ಮತ್ತೆ ಅಂಗಳ ಗುಡಿಸತೊಡಗುತ್ತಾಳೆ. ಊಟ ಬಿಟ್ಟಿದ್ದ ಯಜಮಾನರು ಹೊಲದ ಕಡೆ ಹೆಜ್ಜೆ ಹಾಕುತ್ತಾರೆ. ಮನೆಯವರು ‘ಗುಣವಾಯಿತು’ ಎಂದು ನಿಟ್ಟುಸಿರು ಬಿಟ್ಟು, ಗುಳಿಗೆಯ ಡಬ್ಬಿಯನ್ನು ಗೂಡಿನೊಳಗೆ ಸರಿಸಿ, ಆ ವಿಷಯವನ್ನು ಮತ್ತೆ ಎತ್ತಲೇಬಾರದೆಂದು ನಿಶ್ಚಯಿಸುತ್ತಾರೆ. ಉಪಶಮವನ್ನು ಕ್ಷಯವೆಂದು ಭಾವಿಸಿದ ಫಲವಿದು.

ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದಾರೆ. ಒಮ್ಮೆ ಬಂದು ಹೋದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಮತ್ತೊಮ್ಮೆ ಬರುತ್ತದೆ. ಬಂದ ಪ್ರತಿ ಸಲವೂ ಮುಂದಿನ ಮರುಕಳಿಕೆಯ ಸಾಧ್ಯತೆ ಹೆಚ್ಚುತ್ತದೆ. ಹೀಗಿರುವಾಗ ಚೇತರಿಕೆಯ ಕಾಲವನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬುದು, ರೋಗವನ್ನು ಹೇಗೆ ಇಳಿಸಬೇಕೆಂಬುದರಷ್ಟೇ ದೊಡ್ಡ ಪ್ರಶ್ನೆ.

ಈ ಪ್ರಶ್ನೆಯನ್ನೇ ಎತ್ತಿಕೊಂಡವರು ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ 1979ರಲ್ಲಿ ಆರಂಭಿಸಿದ್ದ ಸಾವಧಾನದ ಅಭ್ಯಾಸಕ್ರಮವನ್ನು ಅವರು ಯೋಚನೆಗಳನ್ನು ಪರಿಶೀಲಿಸುವ ಚಿಕಿತ್ಸೆಯೊಡನೆ ಸೇರಿಸಿ, ಖಿನ್ನತೆಯಿಂದ ಚೇತರಿಸಿಕೊಂಡವರಿಗೆಂದೇ 8 ವಾರಗಳ ತರಬೇತಿಯೊಂದನ್ನು ರೂಪಿಸಿದರು. ವಾರಕ್ಕೊಮ್ಮೆ ಸುಮಾರು ಎರಡು ಗಂಟೆ ಸಣ್ಣ ಗುಂಪಿನಲ್ಲಿ ಕುಳಿತು ಕಲಿಯುವುದು. ಉಳಿದ ದಿನಗಳಲ್ಲಿ ಮನೆಯಲ್ಲಿ ಅಭ್ಯಾಸ ಮಾಡುವುದು. ಮೊದಲ ಪಾಠವೇ ಒಂದು ಒಣದ್ರಾಕ್ಷಿಯನ್ನು ಅದರ ಬಣ್ಣ, ಸುಕ್ಕು, ವಾಸನೆ, ರುಚಿಗಳನ್ನೆಲ್ಲ ಗಮನಿಸುತ್ತ ನಿಧಾನವಾಗಿ ತಿನ್ನುವುದು. ಆಮೇಲೆ ದೇಹದ ಒಂದೊಂದು ಭಾಗವನ್ನೂ ಅರಿವಿನಿಂದ ಮುಟ್ಟುತ್ತ ಹೋಗುವುದು, ಉಸಿರನ್ನು ಗಮನಿಸುವುದು. ಕೊನೆಯಲ್ಲಿ ಕಲಿಯುವುದು ಎಲ್ಲಕ್ಕಿಂತ ಮುಖ್ಯವಾದುದನ್ನು: ತನ್ನ ನೀರು ಕದಡತೊಡಗಿದಾಗ ಕಾಣುವ ಮೊದಲ ಗುರುತುಗಳು ಯಾವುವು, ಆಗ ತಾನು ಏನು ಮಾಡಬೇಕು ಎಂಬುದನ್ನು.

ಈ ಚಿಕಿತ್ಸೆಯ ಧ್ಯಾನದ ಬೇರು ಬೌದ್ಧ ಪರಂಪರೆಯಲ್ಲಿದೆ. ಅದನ್ನು ಜೈನರದೆಂದು ಹೇಳಿಕೊಳ್ಳುವುದು ಸತ್ಯವ್ರತಕ್ಕೆ ತಕ್ಕುದಲ್ಲ. ಆದರೆ ಅದು ಯಾವ ತೊಡಕನ್ನು ಬಿಡಿಸಲು ಹೊರಟಿದೆಯೋ ಆ ತೊಡಕನ್ನು ನಮ್ಮ ಆಚಾರ್ಯರು ಹೆಸರಿಟ್ಟು ಗುರುತಿಸಿದ್ದರು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಒಲ್ಲದುದು ಬಂದು ಸೇರಿದಾಗ ಅದು ಯಾವಾಗ ತೊಲಗುವುದೋ ಎಂಬ ಕೊರಗು, ಪ್ರಿಯವಾದುದು ಅಗಲಿದಾಗ ಅದರ ಹಂಬಲ, ನೋವಿನದೇ ನಿರಂತರ ಚಿಂತೆ, ಮುಂದಿನ ಭೋಗದ ಆಸೆ ಇವು ಆರ್ತಧ್ಯಾನದ ನಾಲ್ಕು ರೂಪಗಳು. ಕೊರಗನ್ನು ಆಚಾರ್ಯರು ಧ್ಯಾನವೆಂದೇ ಕರೆದರೆಂಬುದನ್ನು ಗಮನಿಸಬೇಕು. ಮನಸ್ಸು ಒಂದೇ ವಿಷಯದಲ್ಲಿ ನಿಲ್ಲುವುದು ಧ್ಯಾನವಾದರೆ, ‘ನನ್ನಿಂದಲೇ ಹೀಗಾಯಿತು, ನಾನು ಯಾರಿಗೂ ಬೇಡವಾದವನು’ ಎಂದು ನಡುರಾತ್ರಿಯವರೆಗೆ ಅದನ್ನೇ ಮೆಲುಕು ಹಾಕುವವನಿಗಿಂತ ಏಕಾಗ್ರಚಿತ್ತನು ಯಾರಿದ್ದಾನೆ? ಅಂಥವನಿಗೆ ‘ಮನಸ್ಸನ್ನು ಏಕಾಗ್ರಗೊಳಿಸು’ ಎಂದಷ್ಟೇ ಬುದ್ಧಿ ಹೇಳಿದರೆ ಅದು ವ್ಯರ್ಥ. ಅವನಲ್ಲಿ ಏಕಾಗ್ರತೆಗೆ ಕೊರತೆಯಿಲ್ಲ. ಅದರ ಮುಖ ತಿರುಗಬೇಕಾಗಿದೆ.

ಹೇಗೆ ತಿರುಗೀತು? ಕುಂದಕುಂದಾಚಾರ್ಯರ ‘ಸಮಯಸಾರ’ದ ಭೇದವಿಜ್ಞಾನ ಇಲ್ಲಿ ನೆನಪಿಗೆ ಬರುತ್ತದೆ. ಅರಿಯುವವನು ಬೇರೆ, ಅರಿವಿಗೆ ಬರುವ ಕ್ರೋಧ ಶೋಕಾದಿಗಳು ಬೇರೆ ಎಂಬ ವಿವೇಕವದು. ಆ ಗ್ರಂಥದ ಗುರಿ ಮೋಕ್ಷ. ಚಿಕಿತ್ಸೆಯ ಗುರಿ ಅಷ್ಟು ದೂರದ್ದಲ್ಲ. ಆದರೂ ಅದು ಕಲಿಸುವ ಹೆಜ್ಜೆ ಇದಕ್ಕೆ ಹತ್ತಿರದ್ದೇ. ‘ನಾನು ನಿಷ್ಪ್ರಯೋಜಕ’ ಎಂಬುದು ಒಂದು ತೀರ್ಪು. ‘ನಾನು ನಿಷ್ಪ್ರಯೋಜಕನೆಂಬ ಯೋಚನೆ ಈಗ ಬಂದಿದೆ’ ಎಂಬುದು ಒಂದು ನೋಟ. ಮೊದಲನೆಯದರಲ್ಲಿ ಮನುಷ್ಯ ಮುಳುಗಿದ್ದಾನೆ. ಎರಡನೆಯದರಲ್ಲಿ ದಡದಲ್ಲಿ ನಿಂತಿದ್ದಾನೆ. ಯೋಚನೆಯೊಡನೆ ಜಗಳವಾಡಿ ಅದನ್ನು ಓಡಿಸುವ ಅಗತ್ಯವಿಲ್ಲ. ಅದನ್ನು ನಂಬಿ ಹಿಂದೆ ಹೋಗದಿದ್ದರೆ ಸಾಕು. ಶ್ರಾವಕರು 48 ನಿಮಿಷ ಸಮಭಾವದಲ್ಲಿ ಕುಳಿತುಕೊಳ್ಳುವ ಸಾಮಾಯಿಕ, ದೇಹದ ಮೇಲಿನ ಮಮತೆಯನ್ನು ಸಡಿಲಿಸಿ ನಿಲ್ಲುವ ಕಾಯೋತ್ಸರ್ಗ, ಆಚಾರ್ಯ ಮಹಾಪ್ರಜ್ಞರು 1975ರಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನ ಇವೆಲ್ಲವೂ ಈ ದ್ರಷ್ಟಾಭಾವವನ್ನೇ ಅಭ್ಯಾಸಕ್ಕೆ ತರುತ್ತವೆ.

ಫಲವೆಷ್ಟು ಎಂಬುದನ್ನೂ ಅಳೆದು ನೋಡಬೇಕು. 145 ಮಂದಿಯನ್ನು ಒಳಗೊಂಡು 2000ದಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾಗಿದ್ದವರ ಪೈಕಿ ಸಾಮಾನ್ಯ ಚಿಕಿತ್ಸೆಯಲ್ಲಿದ್ದ ಶೇ 66ರಷ್ಟು ಜನರಿಗೆ ಒಂದು ವರ್ಷಕ್ಕಿಂತ ತುಸು ಹೆಚ್ಚಿನ ಅವಧಿಯಲ್ಲಿ ರೋಗ ಮರುಕಳಿಸಿತು; ಸಾವಧಾನದ ತರಬೇತಿಯನ್ನೂ ಪಡೆದವರಲ್ಲಿ ಆ ಪ್ರಮಾಣ ಶೇ 37. ಎರಡೇ ಸಲ ಬಳಲಿದ್ದವರಿಗೆ ಅಂತಹ ಪ್ರಯೋಜನ ಕಾಣಲಿಲ್ಲ. ಒಂಬತ್ತು ಅಧ್ಯಯನಗಳ 1,258 ಮಂದಿಯ ವಿವರಗಳನ್ನು ಒಟ್ಟುಗೂಡಿಸಿ 2016ರಲ್ಲಿ ನೋಡಿದಾಗ, ತರಬೇತಿ ಪಡೆದವರಲ್ಲಿ ಶೇ 38, ಪಡೆಯದವರಲ್ಲಿ ಶೇ 49 ಮಂದಿಗೆ ರೋಗ ಮರಳಿತ್ತು. 2015ರಲ್ಲಿ ಬ್ರಿಟನ್ನಿನಲ್ಲಿ 424 ಮಂದಿಯನ್ನು ಎರಡು ವರ್ಷ ಗಮನಿಸಿದ ಅಧ್ಯಯನವೊಂದರಲ್ಲಿ, ವೈದ್ಯರ ನಿಗಾದಲ್ಲಿ ಔಷಧಿಯನ್ನು ಹಂತಹಂತವಾಗಿ ಇಳಿಸುತ್ತ ಈ ತರಬೇತಿ ಪಡೆದವರಿಗೂ ಔಷಧಿಯನ್ನೇ ಮುಂದುವರಿಸಿದವರಿಗೂ ಹೆಚ್ಚು ಅಂತರ ಕಾಣಲಿಲ್ಲ: ಶೇ 44 ಮತ್ತು ಶೇ 47. ಎಂದರೆ ಇದು ಪವಾಡವಲ್ಲ. ಔಷಧಿಯ ವೈರಿಯೂ ಅಲ್ಲ. ಜೊತೆಗಿಡಬಹುದಾದ ಇನ್ನೊಂದು ಊರುಗೋಲು. ಅನೇಕಾಂತವನ್ನು ನಂಬಿದವರು ‘ಧ್ಯಾನವೋ ಗುಳಿಗೆಯೋ’ ಎಂದು ಒಂದೇ ಪಕ್ಷಕ್ಕೆ ಜೋತುಬೀಳುವುದು ಶೋಭಿಸದು.

ಆದುದರಿಂದ ನಮ್ಮ ಮನೆಗಳಲ್ಲಿ ಕೆಲವು ಮಾತುಗಳು ಸ್ಪಷ್ಟವಾಗಬೇಕು.

ಮೊದಲನೆಯದು, ‘ಅವರವರ ಕರ್ಮ’ ಎಂಬ ಮಾತು. ಕರ್ಮಸಿದ್ಧಾಂತ ಇರುವುದು ತನ್ನನ್ನು ತಾನು ತಿದ್ದಿಕೊಳ್ಳಲು. ಬಿದ್ದವನ ತಲೆಯ ಮೇಲೆ ಹೊರಿಸುವ ಕಲ್ಲಾಗಿ ಅದನ್ನು ಬಳಸುವುದು ಹಿಂಸೆ. ಕಾಲು ಮುರಿದವನನ್ನು ಹಾಗೆ ನೋಡದ ನಾವು ಮನಸ್ಸು ಕುಸಿದವನನ್ನು ಮಾತ್ರ ಏಕೆ ಹಾಗೆ ನೋಡಬೇಕು?

ಎರಡನೆಯದು, ವ್ರತ ಮತ್ತು ಔಷಧಿ. ರಾತ್ರಿಭೋಜನವನ್ನು ತ್ಯಜಿಸಿದವರು ಮಲಗುವ ಮುನ್ನದ ಗುಳಿಗೆಯನ್ನು ತಾವಾಗಿಯೇ ಬಿಟ್ಟುಬಿಡಬಾರದು. ಸೂರ್ಯಾಸ್ತಕ್ಕೆ ಮೊದಲು ತೆಗೆದುಕೊಳ್ಳುವಂತೆ ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಬೇಕು. ಪರ್ವದ ದಿನಗಳಲ್ಲಿ ನೀರನ್ನೂ ಬಿಟ್ಟು ಮಾಡುವ ಉಪವಾಸ ಕೆಲವು ಔಷಧಿಗಳೊಡನೆ ಅಪಾಯಕಾರಿ. ಶಕ್ತಿಯನ್ನರಿತು ತಪಸ್ಸು ಮಾಡಬೇಕೆಂಬುದು ಶಾಸ್ತ್ರದ ಮಾತೇ ಆಗಿದೆ.

ಮೂರನೆಯದು, ಪ್ರತಿಕ್ರಮಣ. ದಿನದ ದೋಷಗಳನ್ನು ನೆನೆದು ಹಿಂದಿರುಗುವ ಈ ಕ್ರಿಯೆ ಆರೋಗ್ಯವಂತ ಮನಸ್ಸಿಗೆ ಔಷಧ. ಇಲ್ಲದ ಅಪರಾಧಗಳನ್ನೂ ಎಣಿಸುತ್ತ ಕುಳಿತ ಮನಸ್ಸಿಗೆ ಅದು ಆರ್ತಧ್ಯಾನಕ್ಕೆ ಇನ್ನೊಂದು ಬಾಗಿಲಾದೀತು. ಅಂಥವರಿಗೆ ಆತ್ಮನಿಂದೆಗಿಂತ ಸಮಭಾವದ ಸಾಮಾಯಿಕ ಹಿತ. ಅದನ್ನೂ ಹತ್ತು ನಿಮಿಷದಿಂದ, ಕಣ್ತೆರೆದು, ಬೇಕಾದರೆ ನಡೆಯುತ್ತ ಆರಂಭಿಸಬಹುದು. ಕುಳಿತಷ್ಟೂ ಸಂಕಟ ಹೆಚ್ಚಿದರೆ ನಿಲ್ಲಿಸಿ, ತಿಳಿದವರಿಗೆ ಹೇಳಬೇಕು. ರೋಗ ಉಲ್ಬಣಿಸಿರುವಾಗ ದೀರ್ಘ ಧ್ಯಾನಶಿಬಿರಕ್ಕೆ ಕರೆದೊಯ್ಯುವುದು ಸರಿಯಲ್ಲ; ಈ 8 ವಾರಗಳ ಕ್ರಮ ಹುಟ್ಟಿದ್ದೇ ಚೇತರಿಸಿಕೊಂಡವರಿಗಾಗಿ.

ನಾಲ್ಕನೆಯದನ್ನು ಹೇಳಲು ಸಂಕೋಚಪಡಬಾರದು. ‘ಬದುಕು ಸಾಕಾಗಿದೆ’ ಎಂಬ ಖಿನ್ನ ಮನಸ್ಸಿನ ಮಾತಿಗೂ ಸಲ್ಲೇಖನಕ್ಕೂ ಯಾವ ಸಂಬಂಧವೂ ಇಲ್ಲ. ಸಾವನ್ನು ಬಯಸುವ ಮರಣಾಶಂಸೆಯನ್ನು ತತ್ತ್ವಾರ್ಥಸೂತ್ರ ಸಲ್ಲೇಖನದ ಅತಿಚಾರಗಳಲ್ಲಿ ಒಂದೆಂದು ಎಣಿಸಿದೆ. ಅಂತಹ ಮಾತು ಕಿವಿಗೆ ಬಿದ್ದರೆ ಅದನ್ನು ವೈರಾಗ್ಯವೆಂದು ಮೆಚ್ಚದೆ, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರ ಬಳಿಗೆ ಕರೆದೊಯ್ಯುವುದು ಅಹಿಂಸಾಧರ್ಮ.

ಇನ್ನು ಮರುಕಳಿಕೆಯ ಲಜ್ಜೆ. ಒಮ್ಮೆ ಚೇತರಿಸಿಕೊಂಡವರು ಮತ್ತೆ ಕುಸಿದಾಗ ರೋಗಕ್ಕಿಂತ ಹೆಚ್ಚಾಗಿ ‘ಎಲ್ಲರ ಶ್ರಮ ವ್ಯರ್ಥ ಮಾಡಿದೆ’ ಎಂಬ ನಾಚಿಕೆಯೇ ಅವರನ್ನು ಕಾಡುತ್ತದೆ. ಆದಕಾರಣ ಮೊದಲ ಗುರುತುಗಳನ್ನು ಮುಚ್ಚಿಡುತ್ತಾರೆ. ಜೈನ ಶಾಸ್ತ್ರದ 14 ಗುಣಸ್ಥಾನಗಳಲ್ಲಿ ಹನ್ನೊಂದನೆಯದು ಉಪಶಾಂತಮೋಹ. ಅಷ್ಟು ಎತ್ತರಕ್ಕೇರಿದ ಮುನಿಯೂ ಅಲ್ಲಿಂದ ಕೆಳಗಿಳಿಯುತ್ತಾನೆ. ಮೋಹ ಅಡಗಿತ್ತೇ ಹೊರತು ಅಳಿದಿರಲಿಲ್ಲ. ಹಾಗೆ ಇಳಿದ ಮಾತ್ರಕ್ಕೆ ಶಾಸ್ತ್ರ ಅವನ ಕೈಬಿಡುವುದಿಲ್ಲ. ಮತ್ತೆ ಏರುವ ದಾರಿ ಅವನಿಗೆ ತೆರೆದೇ ಇದೆ. ಮುನಿಗೆ ಇರುವ ಈ ಅವಕಾಶವನ್ನು ಮನೆಯ ಮಗನಿಗೆ, ಸೊಸೆಗೆ ನಾವು ನಿರಾಕರಿಸುವುದು ಯಾವ ನ್ಯಾಯ? ನಸುಕಿಗೆ ಮುನ್ನವೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ರುಚಿಸದಿರುವುದು, ನೆಂಟರಿಂದ ತಪ್ಪಿಸಿಕೊಳ್ಳುವುದು, ಸಣ್ಣ ಮಾತಿಗೂ ಕಣ್ಣೀರು ಬರುವುದು ಹೀಗೆ ಒಬ್ಬೊಬ್ಬರ ಗುರುತು ಒಂದೊಂದು. ಸ್ವಸ್ಥರಾಗಿರುವಾಗಲೇ ಮನೆಯವರೊಡನೆ ಕುಳಿತು ಅವನ್ನು ಬರೆದಿಟ್ಟುಕೊಳ್ಳುವುದು ನಾಚಿಕೆಯ ಸಂಗತಿಯಲ್ಲ, ಸಂವರದ ಕೆಲಸ. ಒಳಗೆ ಹರಿದು ಬರುವುದನ್ನು ಬಾಗಿಲಲ್ಲಿಯೇ ಗುರುತಿಸುವುದಲ್ಲವೇ ಸಂವರ?

ಬೆಂಗಳೂರಿನಲ್ಲಿ ದೊರಕುವುದು ಬಿಳಿಚೋಡಿನಲ್ಲಿ ದೊರಕೀತೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು, ಈ ಚಿಕಿತ್ಸೆಯಲ್ಲಿ ತರಬೇತಾದವರು ಹಳ್ಳಿಗಳಿಗೆ ತಲುಪಿಲ್ಲ. ಆದರೆ ಆಗ ನಮ್ಮ ನೆರೆಯದಾಗಿದ್ದ ಬಳ್ಳಾರಿ ಜಿಲ್ಲೆಯಲ್ಲಿಯೇ 1985ರಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗವನ್ನು ಆರಂಭಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರು ತರಬೇತಿ ಪಡೆದರೆ ಹಳ್ಳಿಯಲ್ಲಿಯೂ ಮನೋರೋಗಕ್ಕೆ ಚಿಕಿತ್ಸೆ ಕೊಡಬಲ್ಲರೆಂಬುದನ್ನು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡಬಾರದೇಕೆ? ಎಂಟು ಭಾನುವಾರ, ಹತ್ತು ಹನ್ನೆರಡು ಜನ, ಒಂದು ಶಾಂತವಾದ ಕೋಣೆ, ತರಬೇತಾದ ಒಬ್ಬ ಆಪ್ತಸಮಾಲೋಚಕರು, ಬೇಕಾದುದು ಇಷ್ಟೇ. ಕೋಣೆಯನ್ನು ಬಸದಿಯೋ ಮಠವೋ ಸಮುದಾಯ ಭವನವೋ ಕೊಡಲಿ. ಸಮಾಲೋಚಕರನ್ನು ಆರೋಗ್ಯ ಇಲಾಖೆ ಕಳುಹಿಸಲಿ. ಬರುವವರ ಜಾತಿ ಮತಗಳನ್ನು ಯಾರೂ ಕೇಳದಿರಲಿ. ಔಷಧದಾನವನ್ನು ಶ್ರಾವಕನ ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸಿದ ಸಮಾಜಕ್ಕೆ ಇದು ಭಾರವಾಗದು.

ಅಲ್ಲಿಯವರೆಗೂ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಜಗಳೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ, ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು; ಅದಕ್ಕೆ ಶುಲ್ಕವಿಲ್ಲ. ಮನೆಯಲ್ಲಿ ಚೇತರಿಸಿಕೊಂಡವರೊಬ್ಬರಿದ್ದರೆ ಇಂದು ಸಂಜೆ ಅವರ ಪಕ್ಕದಲ್ಲಿ ಕುಳಿತು, ‘ಹೇಗಿದೆ ಮನಸ್ಸು?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಬುದ್ಧಿ ಹೇಳದೆ ಆಲಿಸಬಹುದು. ಕೇಳುವವರಿಗೂ ಅದೊಂದು ಸಾಮಾಯಿಕವೇ.